ಗಾಲಿಮನೆಯ ಬಿಸಿನೀರು, ಗುಡ್ಡದ ಕಟ್ಟಿಗೆ ಹೊರೆ

ಕರ್ನಾಟಕ ಸರ್ಕಾರವು ತನ್ನ 2020-25ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ಕಲ್ಪಿಸಿತು. ನೆರೆಯ ಕೇರಳವು 2021ರಲ್ಲಿ ಇಂಥದೇ ನೀತಿಯನ್ನು ದೊಡ್ಡ ಪ್ರಚಾರದೊಂದಿಗೆ ಪ್ರಕಟಿಸಿತು. ಮಲಗುವ ಕೋಣೆ, ಅಡುಗೆಮನೆ, ಶೌಚಾಲಯ, ಸ್ನಾನಗೃಹ ಇವೆಲ್ಲವನ್ನೂ ಒಂದೇ ವಾಹನದೊಳಗೆ ಅಳವಡಿಸಿದ ಈ ಐಷಾರಾಮಿ ಮೋಟಾರ್‌ಹೋಮ್‌ಗಳು ಬೆಂಗಳೂರಿನಲ್ಲಿ ಬಾಡಿಗೆಗೆ ದೊರೆಯುತ್ತಿವೆ. ಇವುಗಳ ಪರವಾಗಿ ಮುಂದಿಡುವ ವಾದ ಸರಳವಾಗಿದೆ. ಗುಡ್ಡಗಾಡಿನಲ್ಲಿ ರೆಸಾರ್ಟು ಕಟ್ಟಬೇಕಾಗಿಲ್ಲ, ಮರ ಕಡಿಯಬೇಕಾಗಿಲ್ಲ, ವಾಹನ ಬಂದು ಎರಡು ದಿನ ನಿಂತು ಹೊರಟುಹೋಗುತ್ತದೆ, ಆದ್ದರಿಂದ ಇದು ಪರಿಸರಸ್ನೇಹಿ ಪ್ರವಾಸ ಎನ್ನಲಾಗುತ್ತಿದೆ.

ಗದಗ ಜಿಲ್ಲೆಯು ಹಂಪಿ ಮತ್ತು ಬಾದಾಮಿಗಳ ನಡುವಿನ ದಾರಿಯಲ್ಲಿದೆ. ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಬಸದಿ-ಗುಡಿಗಳು, ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ, ಶಿರಹಟ್ಟಿಯ ಫಕೀರೇಶ್ವರ ಮಠ, ಇವೆಲ್ಲಕ್ಕೂ ಬೆನ್ನಾಗಿ ನಿಂತಿರುವ ಕಪ್ಪತಗುಡ್ಡ, ಪ್ರವಾಸೋದ್ಯಮದ ನಕಾಶೆಯಲ್ಲಿ ಗುರುತು ಹಾಕಲು ಇಷ್ಟು ಸಾಕು. ಇಂದಲ್ಲ ನಾಳೆ ಈ ವಾದವು ನಮ್ಮ ಗುಡ್ಡದ ಬುಡಕ್ಕೂ ಬಂದೇ ಬರುತ್ತದೆ. ಬರುವ ಮೊದಲೇ ಅದನ್ನು ಪರೀಕ್ಷಿಸುವುದು ಒಳ್ಳೆಯದು. ಅದಕ್ಕಾಗಿ ಈ ವಾಹನದೊಳಗಿನ ಒಂದೇ ಒಂದು ಸೌಕರ್ಯವನ್ನು, ಅಂದರೆ ಸ್ನಾನದ ಬಿಸಿನೀರನ್ನು, ಇಲ್ಲಿ ಆರಿಸಿಕೊಂಡಿದ್ದೇನೆ. ಮೇಲ್ನೋಟಕ್ಕೆ ಇದು ಕ್ಷುಲ್ಲಕ ವಿಷಯವೆನಿಸಬಹುದು. ಆದರೆ ಗದಗ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ತಾಲ್ಲೂಕುಗಳ ಹಳ್ಳಿಗಳಲ್ಲಿ ನೀರು ಕಾಯಿಸುವ ಕೆಲಸವೇ ಗುಡ್ಡದ ಮರವನ್ನೂ ಹೊಲದ ಸಾರವನ್ನೂ ಹೆಣ್ಣುಮಕ್ಕಳ ಮುಂಜಾವನ್ನೂ ಸುಡುತ್ತಿದೆ.

ವಾಹನದೊಳಗೆ ನೀರು ಕಾಯುವ ಬಗೆ

ಮೋಟಾರ್‌ಹೋಮ್‌ನ ತಂತ್ರಜ್ಞಾನ ಬೆಳೆದದ್ದು ಯೂರೋಪಿನ ಚಳಿ ದೇಶಗಳಲ್ಲಿ. ಅಲ್ಲಿ ಹೊರಗೆ ಹಿಮ ಬೀಳುತ್ತಿರುವಾಗಲೂ ಒಳಗೆ ಬೆಚ್ಚಗಿರಬೇಕು, ಸ್ನಾನಕ್ಕೆ ಬಿಸಿನೀರು ಬೇಕು. ಆದರೆ ಒಯ್ಯಬಹುದಾದ ನೀರು ಸಾಮಾನ್ಯವಾಗಿ ನೂರು-ನೂರೈವತ್ತು ಲೀಟರು, ಒಯ್ಯಬಹುದಾದ ಇಂಧನ ಒಂದೆರಡು ಸಿಲಿಂಡರು. ಈ ಮಿತಿಯೊಳಗೆ ಕೆಲಸ ಮಾಡಬೇಕಾದ ಎಂಜಿನಿಯರು ಪ್ರತಿ ಲೀಟರು ನೀರಿಗೂ ಪ್ರತಿ ಗ್ರಾಂ ಇಂಧನಕ್ಕೂ ಲೆಕ್ಕ ಇಡಲೇಬೇಕಾಯಿತು.

ಜರ್ಮನಿಯ ಟ್ರೂಮಾ ಕಂಪನಿಯ ಸಾಧನ ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಪೆಟ್ಟಿಗೆಯೊಳಗೆ ಗ್ಯಾಸಿನ ಉರಿ, ಅದರ ಸುತ್ತ ಶಾಖವನ್ನು ಹೀರುವ ಲೋಹದ ರೆಕ್ಕೆಗಳು, ಅದರ ಸುತ್ತ ಹತ್ತು ಲೀಟರಿನ ಉಂಗುರಾಕಾರದ ನೀರಿನ ತೊಟ್ಟಿ. ಉರಿಯ ಶಾಖ ಮೊದಲು ನೀರಿಗೆ ಮತ್ತು ರೆಕ್ಕೆಗಳಿಗೆ ಹೋಗುತ್ತದೆ. ಫ್ಯಾನು ಕೋಣೆಯ ಗಾಳಿಯನ್ನು ಆ ರೆಕ್ಕೆಗಳ ಮೇಲೆ ಹಾಯಿಸಿ ಕೊಳವೆಗಳ ಮೂಲಕ ಮತ್ತೆ ಕೋಣೆಗೆ ಕಳಿಸುತ್ತದೆ. ನಾಲ್ಕು ಅಥವಾ ಆರು ಕಿಲೋವ್ಯಾಟ್ ಸಾಮರ್ಥ್ಯದ ಈ ಪೆಟ್ಟಿಗೆಯಿಂದಲೇ ಕೋಣೆಯೂ ಬೆಚ್ಚಗಾಗುತ್ತದೆ, ನೀರೂ ಕಾಯುತ್ತದೆ. ಬೇಸಿಗೆಯಲ್ಲಿ ಕೋಣೆಯ ಭಾಗವನ್ನು ನಿಲ್ಲಿಸಿ ನೀರನ್ನಷ್ಟೇ ಕಾಯಿಸಬಹುದು. ಹೊರಗಿನ ಉಷ್ಣತೆ ಹೆಪ್ಪುಗಟ್ಟುವ ಮಟ್ಟದ ಹತ್ತಿರ, ಸುಮಾರು 3 ಡಿಗ್ರಿಗೆ ಇಳಿದರೆ ಒಂದು ಕವಾಟ ತಾನಾಗಿ ತೆರೆದು ತೊಟ್ಟಿಯ ನೀರನ್ನು ಹೊರಚೆಲ್ಲುತ್ತದೆ. ಇಲ್ಲವಾದರೆ ಮಂಜುಗಡ್ಡೆಯಾಗಿ ಹಿಗ್ಗಿದ ನೀರು ತೊಟ್ಟಿಯನ್ನೇ ಸೀಳಿಬಿಡುತ್ತದೆ.

ಇನ್ನೂ ದುಬಾರಿ ವಾಹನಗಳಲ್ಲಿ ಸ್ವೀಡನ್ನಿನ ಆಲ್ಡೆ ಕಂಪನಿಯ ಪದ್ಧತಿ ಇರುತ್ತದೆ. ಅದರಲ್ಲಿ ಗಾಳಿಯ ಬದಲು ನೀರು ಮತ್ತು ಗ್ಲೈಕಾಲ್ ಬೆರೆಸಿದ ದ್ರವವು ಸಣ್ಣ ಪಂಪಿನ ನೆರವಿನಿಂದ ಗೋಡೆಯುದ್ದಕ್ಕೂ ಅಡಗಿಸಿದ ಕೊಳವೆಗಳಲ್ಲಿ ಸುತ್ತುತ್ತದೆ. ಸ್ನಾನದ ನೀರು ಅದೇ ಬಾಯ್ಲರಿನ ಹೊರಪದರದಲ್ಲಿ, ಎಂಟು ಲೀಟರಿನಷ್ಟು, ಕಾಯುತ್ತದೆ. ಎಬರ್ಸ್‌ಪೆಷರ್ ಮತ್ತು ವೆಬಾಸ್ಟೋ ಕಂಪನಿಗಳ ಸಾಧನಗಳು ವಾಹನದ ಟ್ಯಾಂಕಿನಿಂದಲೇ ಹನಿಹನಿಯಾಗಿ ಡೀಸೆಲ್ ಎಳೆದುಕೊಂಡು ಉರಿಯುತ್ತವೆ. ಮತ್ತೊಂದು ಪದ್ಧತಿಯಲ್ಲಿ ಇಂಧನದ ಹೆಚ್ಚುವರಿ ಖರ್ಚೇ ಇಲ್ಲ. ಡೀಸೆಲ್ ಎಂಜಿನ್ನಿಗೆ ಹಾಕಿದ ಶಕ್ತಿಯಲ್ಲಿ ಗಾಲಿ ತಿರುಗಿಸಲು ಒದಗುವುದು ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು. ಇನ್ನೊಂದು ಪಾಲು ಹೊಗೆಯೊಂದಿಗೆ, ಮತ್ತೊಂದು ಪಾಲು ರೇಡಿಯೇಟರಿನ ನೀರಿನೊಂದಿಗೆ ವ್ಯರ್ಥವಾಗುತ್ತದೆ. 80-90 ಡಿಗ್ರಿ ಬಿಸಿಯಿರುವ ಆ ರೇಡಿಯೇಟರಿನ ನೀರನ್ನು ಸ್ನಾನದ ತೊಟ್ಟಿಯೊಳಗಿನ ಸುರುಳಿಯಲ್ಲಿ ಹಾಯಿಸಿದರೆ, ವಾಹನ ಊರು ತಲುಪುವಷ್ಟರಲ್ಲಿ ನೀರು ಬಿಸಿಯಾಗಿರುತ್ತದೆ. ಕ್ಯಾಂಪಿನಲ್ಲಿ ವಿದ್ಯುತ್ ಸಂಪರ್ಕ ಸಿಕ್ಕರೆ ವಿದ್ಯುತ್ ಸುರುಳಿಯೂ ಇರುತ್ತದೆ.

ಈ ಎಲ್ಲ ಪದ್ಧತಿಗಳಿಗೂ ಮೂರು ಸಮಾನ ನಿಯಮಗಳಿವೆ. ಮೊದಲನೆಯದು, ಕಾಯಿಸುವ ನೀರು ಕಡಿಮೆ. ತೊಟ್ಟಿ ಚಿಕ್ಕದು, ಅದನ್ನು 60 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿಕೊಳ್ಳುವುದು. ಎರಡನೆಯದು, ಕಾದ ನೀರಿನ ಸುತ್ತ ದಪ್ಪನೆಯ ನಿರೋಧಕ ಹೊದಿಕೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಗ್ಯಾಸ್ ಮತ್ತು ಡೀಸೆಲ್ ಉರಿಯು ಸಂಪೂರ್ಣವಾಗಿ ಮುಚ್ಚಿದ ಕೋಶದಲ್ಲಿರುತ್ತದೆ. ಉರಿಯಲು ಬೇಕಾದ ಗಾಳಿ ಹೊರಗಿನಿಂದಲೇ ಬರುತ್ತದೆ, ಹೊಗೆ ಹೊರಗೇ ಹೋಗುತ್ತದೆ. ಒಳಗೆ ಮಲಗಿದವರ ಉಸಿರಿಗೂ ಉರಿಗೂ ಸಂಬಂಧವೇ ಇರಬಾರದು. ಏಕೆಂದರೆ ಬಣ್ಣ-ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ನಮ್ಮ ನೀರೊಲೆಯ ಲೆಕ್ಕ

ಈಗ ಗುಡ್ಡದ ಬುಡದ ಒಂದು ಮನೆಯ ಬಚ್ಚಲಿಗೆ ಬರೋಣ. ಮೂಲೆಯಲ್ಲಿ ಮಣ್ಣಿನ ನೀರೊಲೆ, ಅದರ ಮೇಲೆ ತಾಮ್ರದ ಅಥವಾ ಅಲ್ಯುಮಿನಿಯಂ ಹಂಡೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಈ ಹಂಡೆಯನ್ನೇ ತೊಳೆದು ಸಿಂಗರಿಸಿ ಪೂಜಿಸುತ್ತೇವೆ. ಬಾಣಂತಿಗೂ ಕೂಸಿಗೂ ಈ ಹಂಡೆಯ ನೀರೇ ಔಷಧ. ಇಡೀ ದಿನ ಎರೆಹೊಲದಲ್ಲಿ ದುಡಿದು ಬಂದ ಮೈಗೆ ಎರಡು ತಂಬಿಗೆ ಬಿಸಿನೀರು ಬೇಕೆನ್ನುವುದನ್ನು ಯಾರೂ ಐಷಾರಾಮ ಎನ್ನಲಾರರು.

ಐದು ಜನರ ಕುಟುಂಬ, ತಲಾ 20 ಲೀಟರಿನಂತೆ ದಿನಕ್ಕೆ 100 ಲೀಟರು ನೀರು, 22 ಡಿಗ್ರಿಯಿಂದ 42 ಡಿಗ್ರಿಗೆ ಏರಬೇಕು ಎಂದಿಟ್ಟುಕೊಳ್ಳೋಣ. ಇದಕ್ಕೆ ನೀರಿಗೆ ಸೇರಬೇಕಾದ ಶಾಖ ಸುಮಾರು 8.4 ಮೆಗಾಜೌಲ್. ಒಣಗಿದ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 15 ಮೆಗಾಜೌಲ್ ಶಾಖವಿದೆ. ಅದೆಲ್ಲವೂ ನೀರಿಗೆ ಸೇರುವುದಾದರೆ ಅರ್ಧ ಕಿಲೋಗಿಂತ ತುಸು ಹೆಚ್ಚು ಕಟ್ಟಿಗೆ ಸಾಕಾಗಬೇಕಿತ್ತು. ಆದರೆ ತೆರೆದ ಒಲೆಯಲ್ಲಿ ನೀರಿಗೆ ಸೇರುವುದು ನೂರಕ್ಕೆ ಹತ್ತು-ಹದಿನೈದು ಪಾಲು ಮಾತ್ರ. ಉಳಿದದ್ದು ಹೊಗೆ, ಗೋಡೆ, ಗಾಳಿಯ ಪಾಲು. ಶೇಕಡಾ 12 ಎಂದು ಹಿಡಿದರೆ ದಿನಕ್ಕೆ ನಾಲ್ಕೂವರೆ ಕಿಲೋ ಕಟ್ಟಿಗೆ ಬೇಕು. ವರ್ಷದಲ್ಲಿ 200 ದಿನ ಮಾತ್ರ ನೀರು ಕಾಯಿಸುತ್ತಾರೆ ಎಂದುಕೊಂಡರೂ 900 ಕಿಲೋ. ತಲೆಹೊರೆಗೆ 25 ಕಿಲೋದಂತೆ 36 ಹೊರೆ. ಇದು ಒಂದೇ ಮನೆಯ, ಅಡುಗೆಯನ್ನು ಬಿಟ್ಟು ಕೇವಲ ಸ್ನಾನದ ಲೆಕ್ಕ.

ಅದೇ ವಾಹನದ ಹತ್ತು ಲೀಟರಿನ ತೊಟ್ಟಿಯನ್ನು 22ರಿಂದ 60 ಡಿಗ್ರಿಗೆ ಕಾಯಿಸಿದರೆ, ತಣ್ಣೀರು ಬೆರೆಸಿದಾಗ 42 ಡಿಗ್ರಿಯ 19 ಲೀಟರು ನೀರು, ಅಂದರೆ ಒಬ್ಬರ ಸ್ನಾನ, ಸಿದ್ಧವಾಗುತ್ತದೆ. ಶೇಕಡಾ 85ರ ದಕ್ಷತೆಯಲ್ಲಿ ಇದಕ್ಕೆ ಬೇಕಾಗುವ ಗ್ಯಾಸು ಸುಮಾರು 40 ಗ್ರಾಂ. ಇದೇ ಸ್ನಾನಕ್ಕೆ ನಮ್ಮ ನೀರೊಲೆಯಲ್ಲಿ ಸುಮಾರು 900 ಗ್ರಾಂ ಕಟ್ಟಿಗೆ ಉರಿಯುತ್ತದೆ. ತೂಕಕ್ಕೆ ತೂಕ ನೋಡಿದರೆ ಗ್ಯಾಸಿನಲ್ಲಿ ಕಟ್ಟಿಗೆಯ ಮೂರು ಪಟ್ಟು ಶಾಖವಿದೆ ಎಂಬುದು ನಿಜ. ಅದನ್ನು ಕಳೆದರೂ ಏಳು ಪಟ್ಟಿನ ಅಂತರ ಉಳಿಯುತ್ತದೆ. ಈ ಏಳು ಪಟ್ಟು ಇಂಧನದ ಗುಣದಿಂದ ಬಂದದ್ದಲ್ಲ, ಅದು ಸಾಧನದ ಗುಣ. ಉರಿಯನ್ನು ಮುಚ್ಚಿಡುವುದು, ಬಿಸಿ ಹೊಗೆಯನ್ನು ಪಾತ್ರೆಯ ಮೈಗೆ ತಾಗಿಸಿ ಕಳಿಸುವುದು, ಕಾದದ್ದನ್ನು ಹೊದಿಸಿಡುವುದು, ಈ ಮೂರು ತತ್ತ್ವಗಳಿಗೆ ಯಾವ ಕಂಪನಿಯ ಪೇಟೆಂಟೂ ಅಡ್ಡ ಬರುವುದಿಲ್ಲ.

ಈ ಕಟ್ಟಿಗೆ ಎಲ್ಲಿಂದ ಬರುತ್ತದೆ?

ಗುಡ್ಡದ ಅಂಚಿನ ಹಳ್ಳಿಗಳಲ್ಲಿ ಕಪ್ಪತಗುಡ್ಡದಿಂದ ಬರುತ್ತದೆ. ಬಯಲಿನ ಎರೆಸೀಮೆಯಲ್ಲಿ ಹೊಲದಿಂದ ಮತ್ತು ಕೊಟ್ಟಿಗೆಯಿಂದ ಬರುತ್ತದೆ.

ಕಪ್ಪತಗುಡ್ಡದ ಕಥೆ ನಮ್ಮ ಓದುಗರಿಗೆ ಗೊತ್ತಿರುವುದೇ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರ 2016ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ರೈತರು, ವಿದ್ಯಾರ್ಥಿಗಳು, ಸಾಹಿತಿಗಳು ಬೀದಿಗಿಳಿದ ಮೇಲೆ 2017ರಲ್ಲಿ ಆ ಸ್ಥಾನ ಮರಳಿ ದೊರೆಯಿತು. 2019ರಲ್ಲಿ 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿಧಾಮವಾಯಿತು. ಗಣಿಯ ವಿರುದ್ಧ ಗಳಿಸಿದ ಈ ರಕ್ಷಣೆಯ ಬಗ್ಗೆ ನಮಗೆ ಹೆಮ್ಮೆಯಿದೆ, ಇರಬೇಕು. ಆದರೆ ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದಿಂದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ಅರಣ್ಯೋತ್ಪನ್ನ ತೆಗೆಯುವಂತಿಲ್ಲ. ಕಟ್ಟಿಗೆಯ ಹೊರೆಯೂ ಅರಣ್ಯೋತ್ಪನ್ನವೇ. ಗುಡ್ಡ ಉಳಿಯಲೆಂದು ಘೋಷಣೆ ಕೂಗಿದ ಹಳ್ಳಿಯ ಹೆಣ್ಣುಮಗಳು ಮರುದಿನ ಬೆಳಗ್ಗೆ ನೀರೊಲೆಗೆ ಏನು ಹಾಕಬೇಕು ಎಂಬ ಪ್ರಶ್ನೆಗೆ ಅರಣ್ಯ ಇಲಾಖೆಯ ಬಳಿಯೂ ಉತ್ತರವಿಲ್ಲ, ಪರಿಸರವಾದಿಗಳಾದ ನಮ್ಮ ಬಳಿಯೂ ಸರಿಯಾದ ಉತ್ತರವಿಲ್ಲ. ಗುಡ್ಡದ ರಕ್ಷಣೆಯ ಭಾರವನ್ನು ಅವಳೊಬ್ಬಳ ತಲೆಯ ಮೇಲೆ ಹೊರಿಸಿ, ಅದೇ ಗುಡ್ಡದ ಬುಡಕ್ಕೆ ಬಿಸಿನೀರಿನ ಬಸ್ಸನ್ನು ರಿಯಾಯಿತಿ ಕೊಟ್ಟು ಕರೆತರುವುದು ಯಾವ ನ್ಯಾಯ?

ಬಯಲಿನ ಕಥೆ ಇನ್ನೊಂದು ಬಗೆಯದು. ಇಲ್ಲಿ ಉರಿಯುವುದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಬಳ್ಳಾರಿ ಜಾಲಿ ಮತ್ತು ಕುಳ್ಳು. ಜಾಲಿ ಉರಿದರೆ ನನಗೆ ದುಃಖವಿಲ್ಲ. ಕೆರೆಯಂಗಳ, ಗೋಮಾಳಗಳನ್ನು ಆಕ್ರಮಿಸಿರುವ ಗಿಡ ಅದು. ಆದರೆ ಕುಳ್ಳು ಮತ್ತು ಬೆಳೆಕಟ್ಟಿಗೆಯ ವಿಷಯ ಬೇರೆ. ಮುಂಗಾರಿನ ಹೆಸರು, ಶೇಂಗಾ, ಹಿಂಗಾರಿನ ಜೋಳ, ಕಡಲೆ, ನಡುವೆ ಹತ್ತಿ, ಮೆಣಸಿನಕಾಯಿ, ಈರುಳ್ಳಿ ಎಂದು ಬಿಡುವಿಲ್ಲದೆ ದುಡಿಯುವ ಈ ಒಣಸೀಮೆಯ ಮಣ್ಣಿನಲ್ಲಿ ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆ ಇರುವ ಹೊಲಗಳೇ ಹೆಚ್ಚು. ಸೆಗಣಿಯನ್ನು ಕುಳ್ಳು ತಟ್ಟಿ ಸುಟ್ಟಾಗ ಅದರ ಸಾರಜನಕವೂ ಇಂಗಾಲವೂ ಗಾಳಿಗೆ ಹಾರಿಹೋಗುತ್ತವೆ. ಬೂದಿಯಲ್ಲಿ ಉಳಿಯುವುದು ಪೊಟ್ಯಾಶ್, ಒಂದಿಷ್ಟು ರಂಜಕ ಮತ್ತು ಸುಣ್ಣ. ಮುಂದಿನ ಮುಂಗಾರಿಗೆ ರೈತ ಅದೇ ಸಾರಜನಕವನ್ನು ಯೂರಿಯಾ ಚೀಲದ ರೂಪದಲ್ಲಿ ಸಾಲ ಮಾಡಿ ತರುತ್ತಾನೆ. ಇಂಗಾಲವನ್ನಂತೂ ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಇಂಗಾಲ ಇಲ್ಲದ ಮಣ್ಣು ಮಳೆಯನ್ನು ಹಿಡಿದಿಡಲಾರದು. ವರ್ಷಕ್ಕೆ ಅರವತ್ತು ಸೆಂಟಿಮೀಟರಿನ ಆಸುಪಾಸು ಮಳೆ ಬೀಳುವ ನಾಡಿನಲ್ಲಿ ಇದರ ಅರ್ಥವೇನೆಂಬುದನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಹತ್ತಿಕಟ್ಟಿಗೆಯನ್ನು ಹೊಲದಲ್ಲೇ ಬಿಟ್ಟರೆ ಗುಲಾಬಿ ಕಾಯಿಕೊರಕದ ಹುಳು ಅದರಲ್ಲಿ ಉಳಿದುಕೊಳ್ಳುತ್ತದೆ ಎಂಬುದು ಸರಿ. ಹಾಗೆಂದು ಅದನ್ನು ಸುಡಲೇಬೇಕೆಂದಿಲ್ಲ. ಪುಡಿ ಮಾಡಿ ಸೆಗಣಿಯೊಂದಿಗೆ ಗೊಬ್ಬರವಾಗಿಸಬಹುದು. ಆದರೆ ನೀರೊಲೆಗೆ ಬೇರೆ ಇಂಧನ ಸಿಗುವವರೆಗೆ ಈ ಸಲಹೆಯನ್ನು ಹಳ್ಳಿಯಲ್ಲಿ ಯಾರೂ ಕೇಳುವುದಿಲ್ಲ. ಗೊಬ್ಬರದ ಗುಂಡಿಗೆ ಹೋಗಬೇಕಾದುದು ಒಲೆಗೆ ಹೋಗುವವರೆಗೂ ಸಾವಯವ ಕೃಷಿಯ ಭಾಷಣಗಳಿಂದ ಮಣ್ಣಿಗೆ ಯಾವ ಪ್ರಯೋಜನವೂ ಆಗದು.

ಪಟ್ಟಣದ ಗೀಸರು

ಗದಗ-ಬೆಟಗೇರಿಯಂಥ ಪಟ್ಟಣಗಳಲ್ಲಿ ಹಂಡೆಯ ಸ್ಥಾನವನ್ನು ಗೀಸರು ಮತ್ತು ಬಕೆಟ್ಟಿನಲ್ಲಿ ಇಳಿಬಿಡುವ ವಿದ್ಯುತ್ ಸುರುಳಿ ಆಕ್ರಮಿಸಿವೆ. ಹೊಗೆ ಇಲ್ಲ, ಬೂದಿ ಇಲ್ಲ, ನೋಡಲು ಸ್ವಚ್ಛ. ಆದರೆ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು, ಐನೂರು ಡಿಗ್ರಿಗೂ ಮೀರಿದ ಉಗಿ ಮಾಡಿ, ಅದರ ಶಾಖದ ಮೂರನೆಯ ಒಂದು ಪಾಲನ್ನು ಮಾತ್ರ ವಿದ್ಯುತ್ತಾಗಿಸಿ, ನೂರಾರು ಕಿಲೋಮೀಟರು ತಂತಿಯಲ್ಲಿ ತಂದು, ಕೊನೆಗೆ ಬಕೆಟ್ಟಿನ ನೀರನ್ನು 42 ಡಿಗ್ರಿಗೆ ಏರಿಸುವುದು ವಿವೇಕದ ಕೆಲಸವಲ್ಲ. ಮೇಲಿನ ಐದು ಜನರ ಕುಟುಂಬಕ್ಕೆ ದಿನಕ್ಕೆ ಸುಮಾರು ಎರಡೂವರೆ ಯೂನಿಟ್ಟು ಬೇಕು. ಯೂನಿಟ್ಟಿಗೆ 700 ಗ್ರಾಂ ಕಲ್ಲಿದ್ದಲು ಎಂದರೂ ಪೌಣೆ ಎರಡು ಕಿಲೋ ಕಲ್ಲಿದ್ದಲು. ಹೊಗೆ ನಮ್ಮ ಬಚ್ಚಲಿನಿಂದ ಹೊರಟು ರಾಯಚೂರಿನ ಜನರ ಎದೆಯೊಳಗೆ ಹೋಯಿತು, ಅಷ್ಟೆ.

ಮೋಟಾರ್‌ಹೋಮ್ ಕಟ್ಟುವವನು ಈ ತಪ್ಪನ್ನು ಮಾಡುವುದಿಲ್ಲ. ಎರಡು ಕಿಲೋವ್ಯಾಟಿನ ಗೀಸರನ್ನು 12 ವೋಲ್ಟಿನ ಬ್ಯಾಟರಿಯಿಂದ ನಡೆಸಬೇಕಾದರೆ 160 ಆಂಪಿಯರಿಗೂ ಹೆಚ್ಚು ವಿದ್ಯುತ್ತು ಹರಿಯಬೇಕು. ಬ್ಯಾಟರಿ ಒಂದು ಗಂಟೆಯಲ್ಲಿ ಬರಿದಾಗುತ್ತದೆ. ಆದ್ದರಿಂದ ಅವನು ಬ್ಯಾಟರಿಯ ವಿದ್ಯುತ್ತನ್ನು ದೀಪಕ್ಕೂ ಪಂಪಿಗೂ ಫ್ಯಾನಿಗೂ ಮೀಸಲಿಟ್ಟು ನೀರನ್ನು ಬೇರೆ ದಾರಿಯಿಂದ ಕಾಯಿಸುತ್ತಾನೆ. ತನ್ನ ಸಂಪನ್ಮೂಲಕ್ಕೆ ಮಿತಿಯಿದೆ ಎಂದು ಅರಿತವನ ಲೆಕ್ಕ ಹೀಗಿರುತ್ತದೆ. ನಾಡಿನ ವಿದ್ಯುತ್ತಿಗೂ ಮಿತಿಯಿದೆ ಎಂಬುದನ್ನು ನಮ್ಮ ಯೋಜನೆಗಳು ಒಪ್ಪಿಕೊಂಡೇ ಇಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಬಡ ಮನೆಗಳಲ್ಲಿ ದೀಪ ಉರಿದರೆ ಯಾರೂ ವಿರೋಧಿಸಬೇಕಾಗಿಲ್ಲ. ಆದರೆ ಬಿಲ್ಲಿಲ್ಲದ ವಿದ್ಯುತ್ತಿನ ಎದುರು ಕೈಯಿಂದ ಹಣ ಹಾಕಿ ಸೌರ ಹೀಟರು ಕೊಳ್ಳಲು ಯಾರು ಮುಂದಾಗುತ್ತಾರೆ? ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳ ವಿದ್ಯುತ್ತು ಜಾಲಕ್ಕೆ ಸೇರಿ ಎಲ್ಲಿಗೋ ಹರಿಯುತ್ತದೆ. ಆ ಯಂತ್ರಗಳ ನೆರಳು ಬೀಳುವ ಹಳ್ಳಿಯಲ್ಲಿ ನೀರೊಲೆಯ ಹೊಗೆ ಹಾಗೆಯೇ ಇದೆ.

ಇನ್ನು ಗ್ಯಾಸ್ ಗೀಸರು. ಕಿಟಕಿಯಿಲ್ಲದ ಇಕ್ಕಟ್ಟಾದ ಬಚ್ಚಲಿನೊಳಗೇ ಇದನ್ನು ತೂಗುಹಾಕಿ, ಬಾಗಿಲು ಮುಚ್ಚಿ ಸ್ನಾನ ಮಾಡಿದವರು ಕಾರ್ಬನ್ ಮಾನಾಕ್ಸೈಡ್‌ನಿಂದ ಸತ್ತ ಸುದ್ದಿಗಳು ಕರ್ನಾಟಕದ ನಗರಗಳಿಂದ ಮತ್ತೆ ಮತ್ತೆ ವರದಿಯಾಗುತ್ತಿವೆ. ಯೂರೋಪಿನ ಪ್ರವಾಸಿ ವಾಹನದಲ್ಲಿ ತೆರೆದ ಉರಿಯ ನೀರಿನ ಹೀಟರನ್ನು ಯಾವ ಹೊಸ ವಾಹನಕ್ಕೂ ಅಳವಡಿಸುವುದಿಲ್ಲ. ನಮ್ಮ ಮಧ್ಯಮವರ್ಗದ ಬಚ್ಚಲಿಗೆ ಅದನ್ನೇ ಮಾರಲಾಗುತ್ತದೆ. ಜೀವಕ್ಕೆ ಬೆಲೆ ಎಲ್ಲಿ ಎಷ್ಟು ಎಂಬುದು ಇದರಿಂದ ತಿಳಿಯುತ್ತದೆ.

ಕೇಳಿಬರುವ ಆಕ್ಷೇಪಣೆಗಳು

ವಾಹನವು ಇಷ್ಟು ಮಿತವಾಗಿ ಇಂಧನ ಬಳಸುವುದಾದರೆ ಅದು ಪರಿಸರಸ್ನೇಹಿಯೇ ಆಯಿತಲ್ಲ ಎಂದು ಕೆಲವರು ಕೇಳಬಹುದು. ಬೆಂಗಳೂರಿನಿಂದ ಗದಗಕ್ಕೆ ಸುಮಾರು 400 ಕಿಲೋಮೀಟರು. ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಭಾರದ ವಾಹನ ಲೀಟರಿಗೆ ಐದು ಕಿಲೋಮೀಟರು ಓಡುತ್ತದೆಂದು ಹಿಡಿದರೆ ಬರಲು 80 ಲೀಟರು ಡೀಸೆಲ್ ಬೇಕು. ಆ ಡೀಸೆಲ್‌ನಲ್ಲಿರುವ ಶಾಖ ಸುಮಾರು 2,880 ಮೆಗಾಜೌಲ್. ಮೇಲೆ ಹೇಳಿದ ಐದು ಜನರ ಕುಟುಂಬದ 200 ದಿನಗಳ ಸ್ನಾನದ ನೀರಿಗೆ ನಿಜವಾಗಿ ಸೇರಬೇಕಾದ ಶಾಖ ಸುಮಾರು 1,670 ಮೆಗಾಜೌಲ್. ನಾಲ್ಕಾರು ಜನರ ವಾರಾಂತ್ಯದ ಒಂದು ದಿಕ್ಕಿನ ಪ್ರಯಾಣದಲ್ಲೇ ಒಂದು ಹಳ್ಳಿಮನೆಯ ವರ್ಷದ ಬಿಸಿನೀರಿಗಿಂತ ಹೆಚ್ಚು ಶಾಖ ಖರ್ಚಾಗಿರುತ್ತದೆ. ಸ್ನಾನದಲ್ಲಿ ಗ್ರಾಂ ಲೆಕ್ಕದಲ್ಲಿ ಉಳಿಸಿ ದಾರಿಯಲ್ಲಿ ಲೀಟರ್ ಲೆಕ್ಕದಲ್ಲಿ ಸುರಿಯುವುದಕ್ಕೆ ಹಸಿರು ಎಂಬ ಹೆಸರು ಒಪ್ಪುವುದಿಲ್ಲ. ವಾಹನ ನಿಂತ ಮೇಲೆ ಹವಾನಿಯಂತ್ರಣಕ್ಕೆಂದು ಜನರೇಟರು ಓಡಿಸಿದರೆ ಅದರ ಲೆಕ್ಕ ಬೇರೆ. ತೊಟ್ಟಿಯಲ್ಲಿ ತುಂಬಿದ ಕೊಳೆನೀರು ಎಲ್ಲಿ ಖಾಲಿಯಾಗುತ್ತದೆ ಎಂಬ ಪ್ರಶ್ನೆಯೂ ಇದೆ. ನಲ್ಲಿಯ ನೀರಿಗೆ ದಿನಗಟ್ಟಲೆ ಕಾದ ಅನುಭವವಿಲ್ಲದ ಮನೆ ಗದಗ-ಬೆಟಗೇರಿಯಲ್ಲಿ ಅಪರೂಪ. ಅಲ್ಲಿ ವಾಹನದ ತೊಟ್ಟಿಗೆ ನೀರು ಯಾರ ಪಾಲಿನಿಂದ ಬರುತ್ತದೆ ಎಂಬುದನ್ನೂ ಕೇಳಬೇಕು.

ಎರಡನೆಯ ಮಾತು, ಹಳ್ಳಿಗೆ ಉಜ್ವಲಾ ಗ್ಯಾಸ್ ಬಂದಿದೆ, ಇನ್ನೇಕೆ ಕಟ್ಟಿಗೆ ಎಂಬುದು. 2016ರಲ್ಲಿ ಆರಂಭವಾದ ಆ ಯೋಜನೆ ಅಡುಗೆಮನೆಯ ಹೊಗೆಯನ್ನು ಕಡಿಮೆ ಮಾಡಿದೆ, ನಿಜ. ಆದರೆ ನಮ್ಮ ಕುಟುಂಬದ ಸ್ನಾನಕ್ಕೆ ದಕ್ಷ ಸಾಧನದಲ್ಲೇ ದಿನಕ್ಕೆ 215 ಗ್ರಾಂ ಗ್ಯಾಸು ಬೇಕು. 14.2 ಕಿಲೋದ ಸಿಲಿಂಡರು ಕೇವಲ ಸ್ನಾನಕ್ಕೆ 66 ದಿನಗಳಲ್ಲಿ ಮುಗಿಯುತ್ತದೆ. ತೆರೆದ ಗ್ಯಾಸ್ ಒಲೆಯ ಮೇಲೆ ಇಟ್ಟರೆ ಇನ್ನೂ ಬೇಗ. ಕೂಲಿಯ ಮನೆಯಲ್ಲಿ ಇದು ಸಾಧ್ಯವಿಲ್ಲ. ಆದ್ದರಿಂದಲೇ ಒಳಮನೆಯಲ್ಲಿ ಗ್ಯಾಸ್ ಇದ್ದರೂ ಬಚ್ಚಲಿನಲ್ಲಿ ಕಟ್ಟಿಗೆ ಉರಿಯುತ್ತದೆ. ಸರ್ಕಾರದ ಲೆಕ್ಕದಲ್ಲಿ ಆ ಮನೆ ಹೊಗೆಮುಕ್ತ. ಬಚ್ಚಲು ಆ ಲೆಕ್ಕದಿಂದ ಬಿಟ್ಟುಹೋಗಿದೆ.

ಮೂರನೆಯ ಮಾತು, ಸೌರ ಹೀಟರು ಮಾರುಕಟ್ಟೆಯಲ್ಲಿದೆ, ಬೇಕಾದವರು ಕೊಳ್ಳಲಿ ಎಂಬುದು. ಬೆಂಗಳೂರು, ಮೈಸೂರುಗಳ ತಾರಸಿಗಳ ಮೇಲೆ ಸೌರ ಹೀಟರುಗಳು ಸಾಲುಗಟ್ಟಿರುವುದು ಬರಿಯ ಮಾರುಕಟ್ಟೆಯಿಂದಲ್ಲ. ಕಟ್ಟಡ ನಿಯಮ ಮತ್ತು ವಿದ್ಯುತ್ ಬಿಲ್ಲಿನ ರಿಯಾಯಿತಿಗಳು ವರ್ಷಗಟ್ಟಲೆ ಅದಕ್ಕೆ ಒತ್ತಾಸೆಯಾಗಿದ್ದವು. ಆ ಮಾದರಿಯ ಹೀಟರಿಗೆ ಗಟ್ಟಿ ತಾರಸಿ ಬೇಕು, ಅದರ ಮೇಲೆ ಸದಾ ತುಂಬಿರುವ ನೀರಿನ ತೊಟ್ಟಿ ಬೇಕು. ನಮ್ಮ ಹಳ್ಳಿಯ ಮಣ್ಣಿನ ಮಾಳಿಗೆ ಆ ಭಾರ ತಾಳದು, ನೀರು ಬರುವುದು ಸರದಿಯಲ್ಲಿ, ಕೊಳವೆಬಾವಿಯ ಗಡುಸು ನೀರಿನ ಸುಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ. ಬೆಂಗಳೂರಿನ ತಾರಸಿಗೆಂದು ರೂಪಿಸಿದ್ದನ್ನು ಮುಂಡರಗಿಯ ಮಾಳಿಗೆಗೆ ಮಾರಲು ಹೋಗಿ, ಹಳ್ಳಿಗರು ಸೌರಶಕ್ತಿಯನ್ನು ಒಪ್ಪುತ್ತಿಲ್ಲ ಎಂದು ವರದಿ ಬರೆಯುವುದು ತಜ್ಞರ ಹಳೆಯ ಚಾಳಿ.

ಏನು ಆಗಬೇಕು

ಪರಿಹಾರಗಳು ಹೊಸವೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಡಾ. ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ಅಸ್ತ್ರ ಕೇಂದ್ರವು ದಕ್ಷ ಒಲೆಗಳನ್ನು ರೂಪಿಸಿ ಕರ್ನಾಟಕದ ಹಳ್ಳಿಗಳಿಗೆ ಮುಟ್ಟಿಸಿತು. ಮುಚ್ಚಿದ ಉರಿಗೂಡು, ಬೂದಿಜಾಲರಿ, ಹೊಗೆಕೊಳವೆ ಇರುವ ಅದೇ ತತ್ತ್ವವನ್ನು ಹಂಡೆಯ ಒಲೆಗೆ ಅಳವಡಿಸಬಹುದು. ಹಂಡೆಯ ಸುತ್ತ ಕಿರಿದಾದ ಸಂದು ಬಿಟ್ಟು ಬಿಸಿ ಹೊಗೆ ಅದರ ಮೈಯನ್ನು ಸುತ್ತಿ ಹೋಗುವಂತೆ ಮಾಡಿ, ದಕ್ಷತೆಯನ್ನು ಶೇಕಡಾ 40ಕ್ಕೆ ಏರಿಸಿದರೆ ನಾಲ್ಕೂವರೆ ಕಿಲೋ ಕಟ್ಟಿಗೆಯ ಜಾಗದಲ್ಲಿ ಒಂದೂವರೆ ಕಿಲೋದೊಳಗೆ ಕೆಲಸ ಮುಗಿಯುತ್ತದೆ. 36 ಹೊರೆಯ ಜಾಗದಲ್ಲಿ 11 ಹೊರೆ ಸಾಕು. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ನಿಂತುಹೋಯಿತು. ನೀರೊಲೆಯಂತೂ ಅಡುಗೆ ಒಲೆಯಷ್ಟು ಗಮನವನ್ನು ಎಂದೂ ಪಡೆಯಲಿಲ್ಲ.

ಗದಗ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಚದರ ಮೀಟರಿಗೆ ದಿನಕ್ಕೆ ಸರಾಸರಿ ಐದು ಯೂನಿಟ್ಟಿನಷ್ಟು ಶಾಖ ಬೀಳುವಲ್ಲಿ, ಒಂದೂಕಾಲು ಚದರ ಮೀಟರಿನ ಫಲಕ ಆ ಕುಟುಂಬದ ಸ್ನಾನದ ನೀರನ್ನು ಕಾಯಿಸಬಲ್ಲದು. ಅದು ಮಾಳಿಗೆಯ ಮೇಲೆಯೇ ಇರಬೇಕೆಂದಿಲ್ಲ. ಅಂಗಳದಲ್ಲಿ ನೆಲದ ಮೇಲೆಯೇ ಇಡಬಹುದಾದ, ಕೊಡದಿಂದ ನೀರು ಸುರಿದು ತುಂಬಬಹುದಾದ, ಕಪ್ಪು ಬಳಿದ ತೊಟ್ಟಿಯನ್ನು ಗಾಜಿನ ಮುಚ್ಚಳದ ನಿರೋಧಕ ಪೆಟ್ಟಿಗೆಯಲ್ಲಿ ಕೂರಿಸಿದ ಸರಳ ಹೀಟರುಗಳ ತತ್ತ್ವ ಬಹುಕಾಲದಿಂದ ಗೊತ್ತಿರುವುದೇ. ಮಧ್ಯಾಹ್ನ ಕಾದ ನೀರನ್ನು ಸಂಜೆ ಹೊಲದಿಂದ ಬಂದವರು ಬಳಸಬಹುದು. ಬೆಳಗಿನವರೆಗೆ ಉಳಿಸಬೇಕಾದರೆ ಬೇಕಾಗುವುದು ಮೋಟಾರ್‌ಹೋಮ್‌ನ ತೊಟ್ಟಿಗೆ ಸುತ್ತಿದಂಥ ದಪ್ಪ ಹೊದಿಕೆ ಮಾತ್ರ. ಮೋಡ ಕವಿದ ಶ್ರಾವಣದ ದಿನಗಳಿಗೆ ಸುಧಾರಿಸಿದ ನೀರೊಲೆ ಇದ್ದೇ ಇರುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ.

ಒಂದು: ಕಪ್ಪತಗುಡ್ಡದ ಅಂಚಿನ ಪ್ರತಿ ಹಳ್ಳಿಯಲ್ಲೂ ನೀರೊಲೆಯ ಇಂಧನದ ಸಮೀಕ್ಷೆ ನಡೆಯಬೇಕು, ಸುಧಾರಿತ ಹಂಡೆ ಒಲೆ ಅಥವಾ ಅಂಗಳದ ಸೌರ ಹೀಟರು, ಎರಡರಲ್ಲಿ ಮನೆಯವರು ಆರಿಸಿದ್ದನ್ನು ಅರಣ್ಯ ಇಲಾಖೆಯೇ ತನ್ನ ಸಂರಕ್ಷಣಾ ವೆಚ್ಚದಲ್ಲಿ ಒದಗಿಸಬೇಕು. ಕಾವಲುಗಾರನ ಲಾಠಿಗಿಂತ ಇದು ಗುಡ್ಡವನ್ನು ಚೆನ್ನಾಗಿ ಕಾಯುತ್ತದೆ.

ಎರಡು: ಬಾಣಂತಿಯರು ಬರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮತ್ತು ಸರ್ಕಾರಿ ವಿದ್ಯಾರ್ಥಿ ನಿಲಯಗಳಲ್ಲಿ ಸೌರ ಬಿಸಿನೀರು ಕಡ್ಡಾಯವಾಗಿ ಇರಬೇಕು, ಹಾಕಿದ ಮೇಲೆ ಅದನ್ನು ದುರಸ್ತಿಯಲ್ಲಿಡಲು ಸ್ಥಳೀಯ ಯುವಕ-ಯುವತಿಯರಿಗೆ ತರಬೇತಿ ಮತ್ತು ಸಂಬಳ ಸಿಗಬೇಕು. ಪ್ರವಾಸದಿಂದ ಉದ್ಯೋಗ ಎನ್ನುವವರು ಈ ಉದ್ಯೋಗವನ್ನೂ ಎಣಿಸಲಿ.

ಮೂರು: ಹೊರಗಿನ ಗಾಳಿಯಲ್ಲೇ ಉರಿದು ಹೊರಗೇ ಹೊಗೆ ಬಿಡುವ ಮುಚ್ಚಿದ ಕೋಶವಿಲ್ಲದ ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಅಳವಡಿಸುವುದನ್ನು ನಿಷೇಧಿಸಬೇಕು.

ನಾಲ್ಕು: ಗುಡ್ಡದ ಹಳ್ಳಿಗಳಲ್ಲಿ ಈ ಕೆಲಸ ಮುಗಿಯುವವರೆಗೆ ಕಪ್ಪತಗುಡ್ಡದ ಬುಡದಲ್ಲಿ ಯಾವುದೇ ಕ್ಯಾರವಾನ್ ತಂಗುದಾಣಕ್ಕೆ ಸರ್ಕಾರದ ಜಮೀನಾಗಲಿ ರಿಯಾಯಿತಿಯಾಗಲಿ ದೊರೆಯಬಾರದು. ಮುಂದೆ ಬಂದರೂ ಅದು ಪಟ್ಟಣದ ಅಂಚಿನಲ್ಲಿ, ಗ್ರಾಮಸಭೆಯ ಒಪ್ಪಿಗೆಯೊಂದಿಗೆ ಬರಲಿ. ಅಲ್ಲಿ ಜನರೇಟರು ಓಡಬಾರದು, ನೀರು ಬಿಸಿಲಿನಿಂದಲೇ ಕಾಯಬೇಕು, ಕೊಳೆನೀರು ಶುದ್ಧೀಕರಣವಾಗಬೇಕು.

ಬಿಸಿನೀರು ಶ್ರೀಮಂತರಿಗೆ ಬೇಡವೆಂದು ನಾವು ಹೇಳುತ್ತಿಲ್ಲ. ಒಬ್ಬರ ಸ್ನಾನಕ್ಕೆ 40 ಗ್ರಾಂ ಇಂಧನ ಸಾಕು ಎಂದು ಗೊತ್ತಿರುವ ಕಾಲದಲ್ಲಿ ಬಡವಳು ಅದಕ್ಕಾಗಿ ಕಿಲೋಗಟ್ಟಲೆ ಕಟ್ಟಿಗೆ ಹೊರುವಂತೆ ಬಿಟ್ಟಿರುವುದು ಅನ್ಯಾಯ ಎಂದು ಹೇಳುತ್ತಿದ್ದೇವೆ. ಗಣಿಯಿಂದ ಗುಡ್ಡವನ್ನು ಉಳಿಸಿಕೊಂಡ ನಾವು ಅದನ್ನು ನೀರೊಲೆಯಿಂದಲೂ ಉಳಿಸಿಕೊಳ್ಳಬೇಕಾಗಿದೆ, ನೀರೊಲೆಯ ಮುಂದೆ ಕುಳಿತು ಊದುವವಳನ್ನು ಹೊಗೆಯಿಂದ ಬಿಡಿಸಬೇಕಾಗಿದೆ. ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ಮಂಡಿಸಿ, ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕೆಂದು ಗುಡ್ಡದ ಅಂಚಿನ ಎಲ್ಲ ಊರುಗಳ ಬಂಧುಗಳಲ್ಲಿ ವಿನಂತಿಸುತ್ತೇನೆ.